ತುರ್ತು ವಿಭಾಗದಿಂದ ತೊಟ್ಟಿಲಿನವರೆಗೆ

“ಹತ್ತು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಫಾದರ್.”

ನಮ್ಮ ಕಾಸರಗೋಡು ಕಡೆಯ ಒಂದು ಮನೆಗೆ ಭೇಟಿಗೆ ಹೋದಾಗ ಆ ತಾಯಿ ಹೀಗೆಂದರು. ಗಡಿ ದಾಟಿ ಮಂಗಳೂರಿಗೆ ಹೋಗಿ, ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿ ದುಡಿದವರು. ಎರಡನೆಯ ಹೆರಿಗೆಯ ನಂತರ ಕೆಲಸ ಬಿಟ್ಟಿದ್ದರು. “ಈಗ ಮನೆಯಲ್ಲಿ ಸುಮ್ಮನೆ ಇದ್ದೀಯಾ?” ಎಂಬ ನೆಂಟರ ಪ್ರಶ್ನೆ ಅವರನ್ನು ಚುಚ್ಚುತ್ತಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳಿಬ್ಬರೂ ಬಿದ್ದರು. ದೊಡ್ಡವಳು ಊರಿಗೆಲ್ಲ ಕೇಳುವಂತೆ ಅತ್ತಳು. ಚಿಕ್ಕವನು ಸದ್ದಿಲ್ಲದೆ ಕುಳಿತಿದ್ದ. ನಾನು ಅಳುವವಳ ಕಡೆಗೆ ಓಡಿದೆ. ತಾಯಿ ಸುಮ್ಮನಿದ್ದವನ ಕಡೆಗೆ. ಅವನ ಹಣೆಯಲ್ಲಿ ಬುಗುಟು ಎದ್ದಿತ್ತು. “ಅಳುವ ಮಗುವಿಗೆ ಉಸಿರಿದೆ ಎಂದು ಗೊತ್ತು, ಫಾದರ್. ಸುಮ್ಮನಿರುವ ಮಗುವನ್ನು ಮೊದಲು ನೋಡಬೇಕು” ಎಂದರು. ಕಲಿತದ್ದು ಎಲ್ಲಿ ಹಾಳಾಯಿತು ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡೆ.

ಆಸ್ಪತ್ರೆಗಳಲ್ಲಿ ಇದನ್ನು ‘ಟ್ರಯಾಜ್’ ಎನ್ನುತ್ತಾರೆ. ಇದು ಫ್ರೆಂಚ್ ಪದ, ಬೇರ್ಪಡಿಸುವುದು ಎಂದರ್ಥ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೆ ಗಾಯಾಳುಗಳ ಪದವಿಯನ್ನು ನೋಡದೆ, ಗಾಯದ ತೀವ್ರತೆ ನೋಡಿ ಚಿಕಿತ್ಸೆಯ ಸರದಿ ನಿರ್ಧರಿಸಿದ. ಕೆಂಪು ಎಂದರೆ ಈಗಲೇ, ಹಳದಿ ಎಂದರೆ ಸ್ವಲ್ಪ ತಡೆಯಬಹುದು, ಹಸಿರು ಎಂದರೆ ಕಾಯಬಹುದು. ಮನೆಯಲ್ಲಿಯೂ ಹಾಗೆಯೇ. ತೊಳೆಯದ ಪಾತ್ರೆ ಹಸಿರು. ಮೂರು ತಿಂಗಳು ತುಂಬದ ಹಸುಗೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಅದು ಕೆಂಪು, ನಾಳೆಯವರೆಗೆ ಕಾಯಬಾರದು. ಎಲ್ಲ ಕೆಲಸವನ್ನೂ ಕೆಂಪು ಎಂದುಕೊಂಡ ತಾಯಿ ಸಂಜೆಗೆ ಸೋತು ಹೋಗುತ್ತಾಳೆ.

ಎರಡನೆಯ ಪಾಠ ಬರೆದಿಡುವುದು. ಒಂದು ರಾತ್ರಿ ಮಗುವಿಗೆ ಜ್ವರ. ಅತ್ತೆ ಎಂಟು ಗಂಟೆಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದ್ದರು. ಅದು ತಿಳಿಯದ ಗಂಡ ಒಂಬತ್ತಕ್ಕೆ ಮತ್ತೆ ಚಮಚ ಹಿಡಿದಿದ್ದರು. ಆ ಔಷಧಕ್ಕೆ ಕನಿಷ್ಠ ನಾಲ್ಕು ಗಂಟೆಯ ಅಂತರ ಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು, ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತಿರಬೇಕು. ಇಬ್ಬರದ್ದೂ ಪ್ರೀತಿಯೇ, ಆದರೆ ಪ್ರೀತಿಯೂ ಎರಡು ಸಲವಾದರೆ ಅಪಾಯ. ಮರುದಿನವೇ ಫ್ರಿಜ್ಜಿನ ಪಕ್ಕ ಒಂದು ಪುಸ್ತಕ ತೂಗಿತು: ಔಷಧ, ಪ್ರಮಾಣ, ಸಮಯ, ಕೊಟ್ಟವರು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಪರಿಶೀಲನಾ ಪಟ್ಟಿ ಹೊರಡಿಸಿತು. ನುರಿತ ವೈದ್ಯರಿಗೇ ಪಟ್ಟಿ ಬೇಕಾದರೆ, ನಿದ್ದೆಗೆಟ್ಟ ತಾಯಿ ಬರೆದಿಟ್ಟುಕೊಳ್ಳಲು ನಾಚಬೇಕೇಕೆ?

ಆದರೆ ಆಸ್ಪತ್ರೆಯ ಎಲ್ಲವನ್ನೂ ಮನೆಗೆ ತರಲಾಗದು. “ಮೊದಮೊದಲು ಮಗಳೊಂದಿಗೂ ವಾರ್ಡಿನಲ್ಲಿ ಮಾತನಾಡಿದ ಹಾಗೆ ‘ಬೇಗ, ಬೇಗ’ ಎನ್ನುತ್ತಿದ್ದೆ” ಎಂದು ಅವರೇ ಒಪ್ಪಿಕೊಂಡರು. ಮಗು ರೋಗಿಯಲ್ಲ, ಅದಕ್ಕೆ ಡಿಸ್‌ಚಾರ್ಜ್ ದಿನಾಂಕವೂ ಇಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿದಾಗ ನರ್ಸ್ ಮುಂದಿನವರಿಗೆ ಎಲ್ಲವನ್ನೂ ವಿವರಿಸಿ, ಜವಾಬ್ದಾರಿ ಒಪ್ಪಿಸಿ ಹೊರಡುತ್ತಾಳೆ. ಮನೆಯಲ್ಲಿ ತಾಯಿಯ ಕೈಯಿಂದ ಅದನ್ನು ಪಡೆಯುವವರು ಯಾರು? ಈ ಪ್ರಶ್ನೆಯನ್ನು ನಾನು ಅವರ ಗಂಡನ ಮುಂದಿಟ್ಟೆ. ಈಗ ಆ ಮನೆಯಲ್ಲಿ ಸಂಜೆ ಹತ್ತು ನಿಮಿಷ ಇಬ್ಬರೂ ಕೂರುತ್ತಾರೆ. ಯಾರು ಉಂಡರು, ಯಾರು ಅತ್ತರು, ಏನು ಬಾಕಿ ಎಂದು ಆಕೆ ಹೇಳುತ್ತಾರೆ. ಆತ ಕೇಳಿದ್ದನ್ನು ತಿರುಗಿ ಹೇಳುತ್ತಾರೆ. ಅಲ್ಲಿಂದ ಒಂಬತ್ತರವರೆಗೆ ಮಕ್ಕಳು ಅಪ್ಪನ ಪಾಲು. ಅದು ‘ಸಹಾಯ’ವಲ್ಲ, ಅವರದ್ದೇ ಡ್ಯೂಟಿ.

ಪ್ರಿಯ ಕುಟುಂಬಗಳೇ, ನಮ್ಮ ಮನೆಗಳಲ್ಲಿ ನರ್ಸ್‌ಗಳು, ಶಿಕ್ಷಕಿಯರು, ಬ್ಯಾಂಕ್ ಉದ್ಯೋಗಿಗಳು ಇದ್ದಾರೆ. ಅವರು ಕೆಲಸ ಬಿಟ್ಟಿರಲಿ, ಮುಂದುವರಿಸಿರಲಿ, ಕಲಿತ ವಿದ್ಯೆ ಹೊಳೆ ಪಾಲಾಗಿಲ್ಲ. ಆದರೆ ಆ ವಿದ್ಯೆಯನ್ನು ನೆಪ ಮಾಡಿಕೊಂಡು ಭಾರವನ್ನೆಲ್ಲ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಒಮ್ಮೆ ಕೇಳಿ: “ನಿನ್ನ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತದೆ?”