‘ಸಿಟಿ ಆಫ್ ಗಾಡ್’: ಯುವಜನರೊಂದಿಗೆ ನೋಡುವ ಮೊದಲು

ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರ ಶಿಬಿರ ನಡೆದಾಗ ಒಂದು ಚಲನಚಿತ್ರ ತೋರಿಸಿ, ಅದರ ಮೇಲೆ ಚರ್ಚೆ ಏರ್ಪಡಿಸುವುದುಂಟು. ಗಾಂಜಾ, ಗ್ಯಾಂಗು, ಹೊಡೆದಾಟಗಳ ವಿಷಯ ಬಂದರೆ ಬ್ರೆಜಿಲ್ ದೇಶದ ‘ಸಿಟಿ ಆಫ್ ಗಾಡ್’ ಚಿತ್ರದ ಹೆಸರನ್ನು ಯಾರಾದರೂ ಸೂಚಿಸಬಹುದು. ಸಂತ ಅಗಸ್ಟೀನರ ಗ್ರಂಥಕ್ಕೂ ಇದೇ ಹೆಸರು. ಭಕ್ತಿಯ ಚಿತ್ರವಿರಬೇಕೆಂದು ಮಕ್ಕಳನ್ನು ಕೂರಿಸಿದವರು ಬೇಗನೇ ಗಾಬರಿಯಾದಾರು. ಆದರೆ ಗಾಬರಿಯಾಗಿ ಬದಿಗಿಡುವಂಥ ಚಿತ್ರ ಇದಲ್ಲ. ತಿಳಿದು ನೋಡಬೇಕಾದ ಚಿತ್ರ.

‘ದೇವರ ನಗರ’ ಎಂಬುದು ಕಲ್ಪನೆಯ ಊರಲ್ಲ. ಪೋರ್ಚುಗೀಸಿನಲ್ಲಿ ‘ಸಿದಾದೆ ದೆ ದೆವುಸ್’ ಎಂಬ ಹೆಸರಿನ ಈ ಬಡಾವಣೆ ರಿಯೋ ದೆ ಜನೈರೊ ನಗರದ ಪಶ್ಚಿಮ ಭಾಗದಲ್ಲಿದೆ. 1960ರ ದಶಕದಲ್ಲಿ ಅಲ್ಲಿನ ಸರಕಾರವು ನಗರದೊಳಗಿನ ‘ಫವೇಲಾ’ಗಳನ್ನು, ಅಂದರೆ ಕೊಳೆಗೇರಿಗಳನ್ನು ಎಬ್ಬಿಸಿ, ಜನರನ್ನು ದೂರಕ್ಕೆ ಸಾಗಿಸಲು ಇದನ್ನು ಕಟ್ಟಿಸಿತು. 1966ರ ಜನವರಿಯ ನೆರೆಯಲ್ಲಿ ಮನೆ ಕಳೆದುಕೊಂಡವರನ್ನೂ ಕೆಲಸ ಮುಗಿಯದ ಈ ಮನೆಗಳಿಗೇ ತಂದು ಬಿಟ್ಟರು. ಬೀದಿಗಳಿಗೆ ಬೈಬಲಿನ ಹೆಸರುಗಳನ್ನಿಟ್ಟರು. ದುಡಿಮೆಯ ಜಾಗ ಮಾತ್ರ ದೂರವೇ ಉಳಿಯಿತು. ಇಲ್ಲಿಯೇ ಬೆಳೆದ ಪಾವ್ಲೊ ಲಿನ್ಸ್ ಅವರು ಮಾನವಶಾಸ್ತ್ರಜ್ಞೆ ಆಲ್ಬಾ ಜಲುವಾರ್ ಅವರ ಅಧ್ಯಯನಕ್ಕೆ ಸಹಾಯಕರಾಗಿ ದುಡಿದು, ಆ ಅನುಭವದಿಂದ 1997ರಲ್ಲಿ ಕಾದಂಬರಿ ಬರೆದರು. ಅದನ್ನಾಧರಿಸಿ ಫೆರ್ನಾಂಡೊ ಮೆಯ್ರೆಲ್ಲಿಸ್ ಮತ್ತು ಕಾತಿಯಾ ಲುಂಡ್ 2002ರಲ್ಲಿ ಚಿತ್ರ ನಿರ್ಮಿಸಿದರು. 2004ರಲ್ಲಿ ಇದು ನಾಲ್ಕು ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು.

ಕಥೆ 1960ರ ದಶಕದ ಕೊನೆಯಿಂದ 80ರ ದಶಕದ ಆರಂಭದವರೆಗಿನದು. ಹೇಳುವವನು ಬುಸ್ಕಪೆ ಎಂಬ ಹುಡುಗ. ಛಾಯಾಗ್ರಾಹಕನಾಗುವ ಆಸೆ ಅವನದು. ಮೊದಲು ಕಾಣುವ ಕಳ್ಳರು ಹರೆಯದ ಹುಡುಗರು. ಗ್ಯಾಸಿನ ಲಾರಿ ತಡೆದು ಹಣ ಕಸಿಯುವವರು. ಅವರು ಒಂದು ಹೋಟೆಲನ್ನು ದೋಚಲು ಹೋದಾಗ ದಾದಿಂಞೊ ಎಂಬ ಪುಟ್ಟ ಬಾಲಕನನ್ನು ಹೊರಗೆ ಕಾವಲಿಗೆ ನಿಲ್ಲಿಸುತ್ತಾರೆ. ತನ್ನನ್ನು ಹೊರಗೆ ಬಿಟ್ಟರೆಂಬ ಸಿಟ್ಟಿಗೆ ಆ ಮಗು ಒಳಗಿದ್ದವರನ್ನೆಲ್ಲ ಗುಂಡಿಕ್ಕಿ ಕೊಲ್ಲುತ್ತದೆ, ನಗುತ್ತಾ ಕೊಲ್ಲುತ್ತದೆ. ಹದಿನೆಂಟಾಗುವಾಗ ಅವನೇ ‘ಜೆ ಪೆಕೆನೊ’ ಎಂಬ ಹೆಸರಿಟ್ಟುಕೊಂಡು ಮಾದಕ ವಸ್ತುಗಳ ದಂಧೆಯ ಧಣಿಯಾಗುತ್ತಾನೆ. ಅನಂತರ ಅವನೇ ತನಗಿಂತ ಸಣ್ಣ ಮಕ್ಕಳನ್ನು ಹಿಡಿದು, ಗುಂಡು ಕೈಗೆ ಬೇಕೋ ಕಾಲಿಗೆ ಬೇಕೋ ಎಂದು ಕೇಳುತ್ತಾನೆ. ಇನ್ನೊಬ್ಬ ಬಾಲಕನ ಕೈಗೆ ಪಿಸ್ತೂಲು ಕೊಟ್ಟು, ಇಬ್ಬರಲ್ಲೊಬ್ಬನನ್ನು ಕೊಲ್ಲಿಸುತ್ತಾನೆ. ಈ ದೃಶ್ಯವನ್ನು ನಾವು ತಲೆ ತಗ್ಗಿಸಿಯೇ ನೋಡಿದೆವು. ಚಿತ್ರ ಮುಂದುವರಿದಂತೆ ಬಂದೂಕು ದೊಡ್ಡದಾಗುತ್ತದೆ, ಹಿಡಿದ ಕೈ ಚಿಕ್ಕದಾಗುತ್ತದೆ.

ಚರ್ಚೆಗೆ ಅತ್ಯಂತ ಯೋಗ್ಯವಾದ ಪಾತ್ರ ಜೆ ಪೆಕೆನೊ ಅಲ್ಲ, ಮಾನೆ ಗಲೀನ್ಯಾ. ಇವನು ಬಸ್ ಕಂಡಕ್ಟರ್, ಸಜ್ಜನ, ದುಡಿದು ಊಟ ಮಾಡುವವನು. ಅವನು ಪ್ರೀತಿಸಿದ ಹುಡುಗಿಯ ಮೇಲೆ ಜೆ ಪೆಕೆನೊ ಅತ್ಯಾಚಾರ ಮಾಡುತ್ತಾನೆ. ಮನೆಯವರ ಕೊಲೆಯೂ ಆಗುತ್ತದೆ. ನಿರಪರಾಧಿಗಳನ್ನು ಕೊಲ್ಲಬಾರದು ಎಂಬ ಷರತ್ತಿನ ಮೇಲೆ ಅವನು ಎದುರಾಳಿ ಗ್ಯಾಂಗಿಗೆ ಸೇರುತ್ತಾನೆ. ದರೋಡೆಗಳು ನಡೆದಂತೆ ಆ ಷರತ್ತು ಸಡಿಲಾಗುತ್ತಾ ಹೋಗಿ, ಬ್ಯಾಂಕೊಂದರಲ್ಲಿ ಅವನೇ ಕಾವಲುಗಾರನನ್ನು ಕೊಲ್ಲುತ್ತಾನೆ. ಆ ಕಾವಲುಗಾರನ ಮಗ ಗುಟ್ಟಾಗಿ ಅದೇ ಗ್ಯಾಂಗಿಗೆ ಸೇರಿ ಕಾದಿದ್ದು, ಅವನನ್ನು ಕೊಲ್ಲುತ್ತಾನೆ. ಇಲ್ಲಿ ಪ್ರತಿಯೊಬ್ಬನಿಗೂ ಒಂದು ಕಾರಣವಿದೆ, ಅದು ನ್ಯಾಯವಾದ ಕಾರಣದಂತೆಯೇ ಕಾಣುತ್ತದೆ. ‘ನೀನಾಗಿದ್ದರೆ ಎಲ್ಲಿ ನಿಲ್ಲುತ್ತಿದ್ದೆ?’ ಎಂದು ಯುವಜನರನ್ನು ಕೇಳಿ ನೋಡಿ. ಉತ್ತರ ಸುಲಭವಾಗಿ ಬರಲಾರದು.

ದೊಡ್ಡವರ ಪಾಲನ್ನೂ ಚಿತ್ರ ಬಚ್ಚಿಡುವುದಿಲ್ಲ. ಹುಡುಗರಿಗೆ ಬಂದೂಕು ಸಿಗುವುದರಲ್ಲಿ ಪೊಲೀಸರ ಕೈಯಿದೆ. ಕೊನೆಯಲ್ಲಿ ಜೆ ಪೆಕೆನೊನನ್ನು ಹಿಡಿದವರು ಅವನ ಹಣ ಕಿತ್ತುಕೊಂಡು ಬಿಟ್ಟುಬಿಡುತ್ತಾರೆ. ಬುಸ್ಕಪೆ ಅದರ ಫೋಟೊ ತೆಗೆದಿದ್ದಾನೆ. ಆದರೆ ಪತ್ರಿಕೆಗೆ ಕೊಡುವುದು ಸತ್ತ ಗ್ಯಾಂಗಿನವನ ಫೋಟೊವನ್ನು. ಪೊಲೀಸರದ್ದನ್ನು ಕೊಟ್ಟರೆ ತಾನು ಉಳಿಯಲಾರೆನೆಂದು ಅವನಿಗೆ ಗೊತ್ತು.

ಇದೆಲ್ಲ ಸಿನಿಮಾದವರ ಉತ್ಪ್ರೇಕ್ಷೆ ಎನ್ನುವವರಿಗೆ ಅದೇ ನಗರದ ಒಂದು ಘಟನೆ ನೆನಪಿಸಬಯಸುತ್ತೇವೆ. 1993ರ ಜುಲೈ 23ರ ರಾತ್ರಿ ರಿಯೋದ ಕಾಂದೆಲಾರಿಯಾ ಚರ್ಚಿನ ಬಳಿ ಮಲಗಿದ್ದ ಬೀದಿ ಮಕ್ಕಳ ಮೇಲೆ ಗುಂಡು ಹಾರಿಸಿ ಎಂಟು ಮಂದಿಯನ್ನು ಕೊಲ್ಲಲಾಯಿತು. ಕೊಂದವರಲ್ಲಿ ಪೊಲೀಸರಿದ್ದರು. ಅಂದು ಬದುಕುಳಿದವರಲ್ಲೊಬ್ಬ 2000ದ ಜೂನ್‌ನಲ್ಲಿ ಪ್ರಯಾಣಿಕರನ್ನು ಬಸ್ಸಿನಲ್ಲಿ ಒತ್ತೆಯಿಟ್ಟು, ಒಬ್ಬ ಯುವತಿಯ ಸಾವಿಗೆ ಕಾರಣನಾಗಿ, ತಾನೂ ಪೊಲೀಸರ ವಶದಲ್ಲಿ ಸತ್ತ. ಆ ಕುರಿತು ಜೋಸೆ ಪಾದಿಲ್ಯಾ ಅವರು 2002ರಲ್ಲೇ ‘ಬಸ್ 174’ ಎಂಬ ಸಾಕ್ಷ್ಯಚಿತ್ರ ತಯಾರಿಸಿದರು. ಸಾಧ್ಯವಾದರೆ ಎರಡನ್ನೂ ನೋಡಿ.

ಇನ್ನು ಚಿತ್ರದ ದೋಷ. ಪಾತ್ರಧಾರಿಗಳಲ್ಲಿ ಹೆಚ್ಚಿನವರು ಫವೇಲಾಗಳ ಹುಡುಗರೇ. ತಿಂಗಳುಗಟ್ಟಲೆ ತರಬೇತಿ ಪಡೆದು, ಮಾತುಗಳನ್ನು ತಾವೇ ಹೊಂದಿಸಿಕೊಂಡವರು. ಚಿತ್ರದ ಸತ್ಯ ಅವರ ಮುಖಗಳಲ್ಲಿದೆ. ಆದರೂ ಸಿದಾದೆ ದೆ ದೆವುಸ್‌ನವರೇ ಆದ ರ‍್ಯಾಪ್ ಹಾಡುಗಾರ ಎಂ.ವಿ. ಬಿಲ್, ಈ ಚಿತ್ರ ತಮ್ಮ ಜನರಿಗೆ, ಅದರಲ್ಲೂ ಮಕ್ಕಳಿಗೆ, ಕಳಂಕ ಹಚ್ಚಿತೆಂದು ಬಹಿರಂಗವಾಗಿ ದೂರಿದರು. ಅವರ ದೂರಿನಲ್ಲಿ ಹುರುಳಿದೆ. ಚಿತ್ರೀಕರಣ ಬಹುಪಾಲು ನಡೆದದ್ದು ಸಿದಾದೆ ಆಲ್ತಾ ಎಂಬ ಬೇರೆ ಕಡೆ. ಹೆಸರು ಅಂಟಿದ್ದು ಇವರಿಗೆ. 2010ರ ಜನಗಣತಿಯಲ್ಲಿ 36 ಸಾವಿರಕ್ಕೂ ಹೆಚ್ಚು ಜನರಿದ್ದ ಊರದು. ಬಸ್ಸು ಹಿಡಿದು ಕೆಲಸಕ್ಕೆ ಹೋಗಿ ಬರುವವರೆಲ್ಲ ಚಿತ್ರದಲ್ಲಿ ಹಿನ್ನೆಲೆಯಲ್ಲಷ್ಟೇ ಸುಳಿದು ಹೋಗುತ್ತಾರೆ. ಅದೇ ಬೀದಿಗಳಲ್ಲಿ ಬೆಳೆದ ರಫಾಯೆಲಾ ಸಿಲ್ವಾ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಜೂಡೊ ಚಿನ್ನ ಗೆದ್ದರು. ಇದನ್ನು ಚಿತ್ರ ನೋಡಿದ ಯುವಜನರಿಗೆ ತಪ್ಪದೆ ತಿಳಿಸಬೇಕು.

ತೋರಿಸುವವರಿಗೆ ಒಂದೆರಡು ಮಾತು. ಇದು ಹದಿನೆಂಟು ದಾಟಿದವರಿಗೆ ಮಾತ್ರ. ಶಾಲಾ ಮಕ್ಕಳಿಗೆ ಬೇಡವೇ ಬೇಡ. ಚಿತ್ರದ ಓಟ, ಸಂಗೀತ, ಬಣ್ಣ ಎಷ್ಟು ಸೊಗಸಾಗಿವೆಯೆಂದರೆ ಗ್ಯಾಂಗಿನವರೇ ಕೆಲವರಿಗೆ ಹೀರೋಗಳಾಗಿ ಕಂಡಾರು. ಎರಡು ಗಂಟೆ ಹತ್ತು ನಿಮಿಷದ ಚಿತ್ರವಿದು. ಚರ್ಚೆಗೆ ಕನಿಷ್ಠ ಒಂದು ಗಂಟೆ ಉಳಿಸಿಕೊಳ್ಳಿ. ಚಿತ್ರ ಮುಗಿಯಿತೆಂದು ಅವಸರದಿಂದ ದೀಪ ಹಾಕಬೇಡಿ. ಜೆ ಪೆಕೆನೊನನ್ನು ಕೊಂದ ಪುಟ್ಟ ಮಕ್ಕಳು, ಇನ್ನು ಯಾರ ಯಾರನ್ನು ಮುಗಿಸಬೇಕೆಂದು ಹೆಸರುಗಳ ಪಟ್ಟಿ ಹೇಳಿಕೊಳ್ಳುತ್ತಾ ಓಣಿಯಲ್ಲಿ ನಡೆದು ಹೋಗುವುದು ಕೊನೆಗೇ ಬರುತ್ತದೆ.