ಹಿನ್ನೀರಿನ ದಡದ ಬದು

ಹುಲಿಕೆರೆಯ ಕಲ್ಯಾಣಿಗೆ ಬೆಳಗಿನ ಬಿಸಿಲು ಇಳಿಯುವುದು ನಿಧಾನ. ಮೊದಲು ಮೇಲಿನ ಕಲ್ಲುಗಳಿಗೆ, ಆಮೇಲೆ ಸುತ್ತಲ ಪುಟ್ಟ ಗುಡಿಗಳ ನೆತ್ತಿಗೆ, ಕೊನೆಗೆ ಪಾಚಿ ಕಟ್ಟಿದ ನೀರಿಗೆ. ತೆಂಗಿನ ತೋಟದಾಚೆ ಡೇರಿಗೆ ಹಾಲು ಹಾಕಿ ಬರುವವರ ಕ್ಯಾನಿನ ಸದ್ದು, ನೀರು ಹಾಯಿಸಿದ ಹೊಲದ ಹಸಿಮಣ್ಣಿನ ವಾಸನೆ. ಹೊಯ್ಸಳರ ಕಾಲದಲ್ಲಿ ಜನ ನೀರಿನತನಕ ಇಳಿದು ಹೋಗಲೆಂದು ಕಟ್ಟಿದ ಮೆಟ್ಟಿಲುಗಳಿವು. ಇಲ್ಲಿಂದ ಹಳೇಬೀಡು, ಹಾಸನ ದಾಟಿ ಹೇಮಾವತಿಯ ಹಿನ್ನೀರಿನ ಕಡೆಗೆ ಬನ್ನಿ. ಶೆಟ್ಟಿಹಳ್ಳಿಯಲ್ಲಿ ನೀರೇ ಚರ್ಚಿನ ಒಳಕ್ಕೆ ಬಂದು ಹೋಗುತ್ತದೆ.

ಈಗ ತಪಸ್ಸುಕಾಲ. ನೀರು ಹಿಂದೆ ಸರಿದು, ಬಿರುಕು ಬಿಟ್ಟ ಎರೆಯ ಮೇಲೆ ಎಳೆ ಹುಲ್ಲು ಹಬ್ಬಿದೆ. ದನಗಳು ಚರ್ಚಿನ ಬಾಗಿಲ ಹತ್ತಿರವೇ ಮೇಯುತ್ತಿವೆ, ಒಡೆದ ಗೋಡೆಯ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತಿದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಇಟ್ಟಿಗೆ ಗಾರೆಯಲ್ಲಿ ಎತ್ತಿದ ಈ ಜಪಮಾಲೆ ಮಾತೆಯ ಚರ್ಚಿಗೆ ಈಗ ಚಾವಣಿ ಇಲ್ಲ. ಗೊರೂರಿನ ಅಣೆಕಟ್ಟು ಕಟ್ಟಿ ಮುಗಿದ 1979ರಿಂದೀಚೆಗೆ ಮಳೆಗಾಲ ಬಂತೆಂದರೆ ಕಮಾನುಗಳ ಕೊರಳುಮಟ್ಟ ನೀರು. ಊರಿನವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಮನೆ ಕಟ್ಟಿಕೊಂಡರು.

ಕೇಳಿದ ಮಾತನ್ನು ಮಾಡಿ ತೋರಿಸುವವನ ಮನೆ ಬಂಡೆಯ ಮೇಲಿದೆ, ಹೊಳೆ ನುಗ್ಗಿದರೂ ಅದು ಬೀಳದು ಎಂಬ ಯೇಸುವಿನ ಸಾಮತಿ ಇಲ್ಲಿ ನಿಂತ ಕ್ರೈಸ್ತರಿಗೆ ನೆನಪಾಗದೆ ಇರದು. ಅದನ್ನು ಈ ಗೋಡೆಗೆ ಹೊಂದಿಸಲು ನನಗೆ ಮನಸ್ಸಿಲ್ಲ. ಗೋಡೆ ಕಂತುಕಂತಾಗಿ ಕುಸಿಯುತ್ತಲೇ ಇದೆ. ಹುಡುಕಬೇಕಾದದ್ದು ಮಾಡಿದ ಕೈಗಳನ್ನು.

ಅಂಥದೊಂದು ಕೈ ಅಬ್ಬೆ ದುಬುವಾ ಅವರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಈ ಫ್ರೆಂಚ್ ಗುರುಗಳು ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ದಿಕ್ಕೆಟ್ಟ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ಹಚ್ಚಿ ನೆಲೆ ನಿಲ್ಲಿಸಿದರು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ, ಮುಂಬೈಗೆ. ಆ ಬಿಸಿಲಿನಲ್ಲಿ ಅದು ಬಹಳ ದಿನ ಬಾಳುತ್ತಿರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರ ತೋಳಿಗೆ ಗೀರಬೇಕು, ವಾರದ ಮೇಲೆ ಅವರಿಂದ ಮತ್ತೊಬ್ಬರಿಗೆ. ಅಮ್ಮ ಮುನಿದಾಳೆಂದು ಹೆದರುವ ಮನೆಗಳಲ್ಲಿ ಕೂಸನ್ನು ಕೇಳಿ, ತಾಯಿಯನ್ನು ಒಪ್ಪಿಸಿ, ಮುಂದಿನ ಊರಿಗೆ ಹೊರಡುವ ಈ ಕೆಲಸವನ್ನು ಮೈಸೂರು ಸೀಮೆಯಲ್ಲಿ ದುಬುವಾ ಅವರು ಕೈಗೆತ್ತಿಕೊಂಡರು. ರೋಗಿಯಲ್ಲಿ ತನ್ನನ್ನೇ ಕಾಣಿರೆಂದ ಶುಭಸಂದೇಶದ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. 1803-04ರಲ್ಲಿ ಹೀಗೆ ಲಸಿಕೆ ಹಾಕಿಸಿಕೊಂಡವರು 25,432 ಮಂದಿ.

ಆ ಗುರುಗಳು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಇಲ್ಲಿಯ ಕೈಗಳಿಗೆ ಕೆಲಸ ಉಳಿದೇ ಇತ್ತು. ದಡದ ಮೇಲಿನ ಹೊಲವೊಂದರಲ್ಲಿ ಅಮ್ಮನೊಬ್ಬರು ಹಸಿಮೆಣಸಿನಕಾಯಿ ಕೀಳುತ್ತಿದ್ದರು. ಸೆರಗಿನ ಮಡಿಲು ತುಂಬಿದಾಗಲೆಲ್ಲ ಮಂಕರಿಗೆ ಸುರಿದು, ಖಾರ ಹತ್ತಿದ ಬೆರಳನ್ನು ಕಣ್ಣಿನಿಂದ ದೂರ ಹಿಡಿದು, ಮೊಳಕೈಯಲ್ಲಿ ಬೆವರು ಒರೆಸಿಕೊಳ್ಳುವರು. ಕೊರಳಲ್ಲಿ ಶಿಲುಬೆ ಕಟ್ಟಿದ ಕರಿದಾರ. ಬದುವಿನ ಕಲ್ಲು ಹೊಸದಾಗಿ ನೆಟ್ಟಂತಿತ್ತು, ಬುಡದ ಮಣ್ಣು ಇನ್ನೂ ಕೆಂಪಗಿತ್ತು. ಕೇಳಿದೆ.

“ಬದು ಒತ್ತಿದ್ದು ನಾವೇಯ ಕಣಪ್ಪ. ಮೈದುನನ ಮನೆಗೂ ನಮಗೂ ಮಾತೇ ಇರ್ಲಿಲ್ಲ. ಕಾಣಿಕೆ ಇಡಕ್ಕೆ ಮುಂಚೆ ತಮ್ಮನ ಜೊತೆ ರಾಜಿ ಮಾಡ್ಕಂಬಾ ಅನ್ನೋ ವಾಚನ ಒಂದು ಶುಕ್ರವಾರ ಓದಿದ್ರು. ನಮ್ಮನೇರು ಪೂಜೆ ಮುಗಿಯಗಂಟ ಕೂರ್ನಿಲ್ಲ, ಎದ್ದು ಹೋದ್ರು. ನಾನು ಹೊಟ್ಟೆನೋವೇನೋ ಅನ್ಕಂಡೆ.”

ಮಾರನೆಯ ದಿನ ಅಣ್ಣತಮ್ಮ ಇಬ್ಬರೂ ಹಾರೆ ಹಿಡಿದು ಕಲ್ಲು ಕಿತ್ತು, ಹಳೆಯ ಜಾಗಕ್ಕೇ ನೆಟ್ಟರಂತೆ. ಎರಡು ಸಾಲು ಗಿಡ ಮೈದುನನ ಕಡೆಗೆ ಹೋಯಿತು. ಮೊಗ್ಗು ಬಿಟ್ಟಿದ್ದ ಗಿಡ, ಗೊಬ್ಬರ ಹಾಕಿದ್ದು ಇವರು.

“ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ. ನಾಲ್ಕು ದಿನ ಆ ಕಡೆ ತಿರುಗಿ ನೋಡ್ನಿಲ್ಲ. ಆಮೇಲೆ ಅವಳೇ ಕರೆದ್ಲು, ವಾರಗಿತ್ತಿ. ಕಾಯಿ ಕೀಳೋದು ಒಬ್ಬಳ ಕೈಲಿ ಆಗಾಕಿಲ್ಲ ಬಾರಕ್ಕ ಅಂತ. ಇವತ್ತು ನಮ್ಮದು, ನಾಳೆ ಅವರದು.”

ಆಚೆ ಸಾಲಿನಿಂದ ವಾರಗಿತ್ತಿ ಚೀಲ ಸಾಕಾಗಲಿಲ್ಲವೆಂದು ಕೂಗಿದರು. ಸಂಜೆ ಹಾಸನದ ಮಾರ್ಕೆಟ್ಟಿಗೆ ಎರಡು ಮನೆಯ ಕಾಯಿಗೂ ಒಂದೇ ಆಟೋ.