ಮೂಗಿನಲ್ಲಿ ಬೆಳೆಯುವ ದುರ್ಮಾಂಸ

ಬಂಗಾರಪೇಟೆಯ ಸೀಮೆಯ ಕೆರೆಗಳಲ್ಲಿ ಮಿಂದು ಬೆಳೆದ ನಮಗೆ ಮೂಗು ಕಟ್ಟಿದರೆ ನೆಗಡಿಯೆನ್ನುವುದೇ ರೂಢಿ. ಆದರೆ ವಯಸ್ಕರಲ್ಲಿ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿ, ರಕ್ತ ಒಸರಿದರೆ ಉದಾಸೀನ ಸಲ್ಲದು. ಬಿಳಿಯ ಚುಕ್ಕೆಗಳುಳ್ಳ, ಮುಟ್ಟಿದರೆ ರಕ್ತ ಸುರಿಸುವ ಕೆಂಪು ದುರ್ಮಾಂಸವು ರೈನೋಸ್ಪೊರಿಡಿಯೋಸಿಸ್ ಆಗಿರಬಹುದು. 1900ರಲ್ಲಿ ಅರ್ಜೆಂಟೀನದ ಸೀಬರ್ ವರ್ಣಿಸಿದ ಈ ರೋಗ ಹೆಚ್ಚಾಗಿ ಕಾಣುವುದು ಭಾರತ, ಶ್ರೀಲಂಕೆಗಳಲ್ಲಿ. ನಿಂತ ನೀರಿನ ಸ್ನಾನದಿಂದ ತಗಲುವುದೆಂದು ತಜ್ಞರ ಅಭಿಪ್ರಾಯ, ಒಬ್ಬರಿಂದೊಬ್ಬರಿಗೆ ಅಂಟದು. ಕ್ಯಾನ್ಸರ್ ಸಹ ಹೀಗೆಯೇ ತೋರಬಹುದಾದ್ದರಿಂದ ಕಣ್ಣಂದಾಜು ಸಾಲದು; ಮಾಂಸದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ನಿರ್ಧರಿಸಬೇಕು. ರೋಗ ಇದೇ ಆದರೆ ದುರ್ಮಾಂಸವನ್ನು ಪೂರ್ಣವಾಗಿ ಕತ್ತರಿಸಿ, ಅದರ ಬುಡವನ್ನು ವಿದ್ಯುತ್ತಿನಿಂದ ಸುಡುವುದೇ ಮುಖ್ಯ ಚಿಕಿತ್ಸೆ. ಆದರೂ ಮತ್ತೆ ಚಿಗುರುವುದುಂಟು. ಕೇಳುಗರಲ್ಲಿ ನನ್ನ ಬಿನ್ನಹವಿಷ್ಟೆ: ನೋವಿಲ್ಲವೆಂದು ಕಾಯಬೇಡಿ, ನೀವೇ ಕೀಳಬೇಡಿ, ಗುಣವಾದ ಮೇಲೂ ವೈದ್ಯರಿಗೆ ಮೂಗು ತೋರಿಸುತ್ತಿರಿ.